ಕಾಕಾನ ಶ್ವಾಸಕೋಶ ನಾರುಗಟ್ಟಿದೆಯಂತೆ. ಇಮ್ಯುನಿಟಿ ಏರಿಸಬೇಕೋ, ಇಳಿಸಬೇಕೋ?

ಉಣಕಲ್_ದಂಡೆ (ಭಾನುವಾರ, ಬೆಳಿಗ್ಗೆ 9:12)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಕಾಕಾಗೆ 61 ವರ್ಷ. ಹಳೇ ಹುಬ್ಬಳ್ಳಿಯಲ್ಲಿ ಮನೆ. ಆರು ತಿಂಗಳಿಂದ ಒಣಕೆಮ್ಮು. ಮೊದಲು ಧೂಳಿಗೆ ಅಂದುಕೊಂಡೆವು. ಹುಬ್ಬಳ್ಳಿಯಲ್ಲಿ ಇದ್ದುಕೊಂಡು ಕೆಮ್ಮಿದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆಮೇಲೆ ಮಾಳಿಗೆ ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಂತು ಗೋಡೆ ಹಿಡಿಯತೊಡಗಿದರು. ಸಿಟಿ ಸ್ಕ್ಯಾನ್ ಮಾಡಿಸಿದೆವು. ರಿಪೋರ್ಟಿನಲ್ಲಿ ಫೈಬ್ರೋಸಿಸ್ ಅಂತ ಬಂದಿದೆ. ಡಾಕ್ಟರ್ ಹೇಳಿದ್ದು ಇಷ್ಟೇ: ಶ್ವಾಸಕೋಶದ ಒಳಗೆ ಗಾಯ ಮಾಗಿದ ಹಾಗೆ ಕಲೆ ಕಟ್ಟಿದೆ, ಅದನ್ನು ದೇಹದ ರಕ್ಷಣಾ ಕಣಗಳೇ ಮಾಡಿಸುತ್ತಿವೆ. ಇನ್ನೂ ಕೆಲವು ಟೆಸ್ಟ್ ಬಾಕಿ ಇವೆ.

ಮನೆಯಲ್ಲಿ ಈಗ ಎರಡು ಪಾರ್ಟಿ. ನಮ್ಮ ಅತ್ತಿ ದಿನಾ ಬೆಳಿಗ್ಗೆ ಅಮೃತಬಳ್ಳಿ ಕಷಾಯ ಕುಡಿಸಿ ಇಮ್ಯುನಿಟಿ ಏರಿಸಬೇಕು ಅಂತಾರೆ. ಕಾಕಾನ ಮಗ ಮೊಬೈಲಿನಲ್ಲಿ ಏನೋ ಓದಿದ್ದಾನೆ, ಇಮ್ಯುನಿಟಿ ಇಳಿಸುವ ಸ್ಟೆರಾಯ್ಡ್ ಇವತ್ತೇ ಶುರುವಾಗಲಿ ಅಂತಾನೆ. ಕಾಕಾ ಇಬ್ಬರ ಮಾತನ್ನೂ ಕೇಳದೆ ಪಾರಿವಾಳಗಳಿಗೆ ಜೋಳ ಹಾಕಲು ಮಾಳಿಗೆಗೆ ಹೋಗುತ್ತಾರೆ.

ನನಗೆ ತಿಳಿಯದ್ದು ಒಂದೇ. ರೋಗದಿಂದ ಕಾಯಬೇಕಾದ ಕಣಗಳು ಅಂಗವನ್ನೇ ಹೇಗೆ ಕೆಡಿಸುತ್ತವೆ? ತಿಳಿದವರು ಸರಳವಾಗಿ ಹೇಳಿ.

ಚಿಗರಿ_ಪ್ರಯಾಣಿಕ

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅಷ್ಟೇ ರೀ.

ಸ್ಲೈಡ್_ನೋಡುವಾಕೆ

ಅಷ್ಟೇ ಅಲ್ಲ ರೀ ಚಿಗರಿಯವರೆ. ಬೇಲಿ ಮೇಯ್ದರೆ ಹೊಲ ಖಾಲಿಯಾಗುತ್ತದೆ. ಇಲ್ಲಿ ಆಗುವುದು ಉಲ್ಟಾ. ಬೇಲಿ ಕಟ್ಟಿ ಕಟ್ಟಿ ಹೊಲದ ತುಂಬ ಬೇಲಿಯೇ ಆಗಿ, ಬಿತ್ತಲು ಜಾಗವೇ ಉಳಿಯುವುದಿಲ್ಲ.

ನಾನು ಧಾರವಾಡದಲ್ಲಿ ಪೆಥಾಲಜಿ ಲ್ಯಾಬಿನಲ್ಲಿ ಇದ್ದೇನೆ. ದಿನವಿಡೀ ಸ್ಲೈಡ್ ನೋಡುವುದೇ ಕೆಲಸ. ಚೆನ್ನಾಗಿರುವ ಶ್ವಾಸಕೋಶ ಮೈಕ್ರೋಸ್ಕೋಪಿನಲ್ಲಿ ಸೊಳ್ಳೆ ಪರದೆಯ ಹಾಗೆ ಕಾಣುತ್ತದೆ. ಬರೀ ಖಾಲಿ ಜಾಗ, ನಡುವೆ ತೆಳು ಎಳೆ. ಆ ಖಾಲಿ ಜಾಗದಲ್ಲಿ ಗಾಳಿ, ಆ ಎಳೆಯಲ್ಲಿ ರಕ್ತ. ನಾರನ್ನು ನೀಲಿಯಾಗಿ ತೋರಿಸುವ ಒಂದು ಬಣ್ಣ ಇದೆ. ನಾರುಗಟ್ಟಿದ ಶ್ವಾಸಕೋಶಕ್ಕೆ ಅದನ್ನು ಹಾಕಿದರೆ ಪರದೆಯೇ ಕಾಣುವುದಿಲ್ಲ. ನೀಲಿ ಗೋಣಿಚೀಲ ಮಡಿಸಿ ತುರುಕಿದ ಹಾಗೆ ಇರುತ್ತದೆ. ಗಾಳಿ ಎಲ್ಲಿಂದ ಹೋಗಬೇಕು?

ಈಗ ನಿಮ್ಮ ಪ್ರಶ್ನೆ. ಗಾಯವಾದ ಜಾಗಕ್ಕೆ ಮೊದಲು ಬರುವುದು ಬಿಳಿ ರಕ್ತಕಣಗಳು. ಅವುಗಳಲ್ಲಿ ಮ್ಯಾಕ್ರೊಫೇಜ್ ಅಂತ ಒಂದು ಹೊಟ್ಟೆಬಾಕ ಜಾತಿ ಇದೆ. ಸತ್ತದ್ದು, ಕೊಳೆತದ್ದು, ಹೊರಗಿಂದ ಬಂದದ್ದು ಎಲ್ಲವನ್ನೂ ನುಂಗುತ್ತದೆ. ನುಂಗಿದ ಮೇಲೆ ರಿಪೇರಿಗೆ ಹೇಳಿಕಳಿಸುತ್ತದೆ. ಅಂದರೆ ಇದು ಮೇಸ್ತ್ರಿ. ಸಿಮೆಂಟ್ ಹಾಕುವ ಗೌಂಡಿ ಬೇರೆ, ಅದರ ಹೆಸರು ಫೈಬ್ರೊಬ್ಲಾಸ್ಟ್. ಮೇಸ್ತ್ರಿ ಕಳಿಸುವ ಚೀಟಿಗಳಲ್ಲಿ ದೊಡ್ಡದು ಟಿಜಿಎಫ್ ಬೀಟಾ ಅನ್ನುವ ಪ್ರೋಟೀನು. ಚೀಟಿ ಸಿಕ್ಕ ಗೌಂಡಿ ವೇಷ ಬದಲಿಸಿ ಅರ್ಧ ಸ್ನಾಯುವಿನ ಹಾಗೆ ಆಗುತ್ತಾನೆ. ಕೊಲಾಜೆನ್ ಅನ್ನುವ ನಾರು ಸುರಿಯುತ್ತಾನೆ, ಜೊತೆಗೆ ಸುತ್ತಲಿನ ಜಾಗವನ್ನು ಹಗ್ಗ ಬಿಗಿದ ಹಾಗೆ ಎಳೆಯುತ್ತಾನೆ.

ಕೈ ಕೊಯ್ದುಕೊಂಡಾಗ ಇದೇ ಕೆಲಸ ನಡೆದು ಗಾಯ ಮಾಯುತ್ತದೆ. ಕೆಲಸ ಮುಗಿದ ಮೇಲೆ ಗೌಂಡಿಗಳು ಸಾಯುತ್ತಾರೆ, ಮೇಸ್ತ್ರಿ ಮನೆಗೆ ಹೋಗುತ್ತಾನೆ. ತೊಂದರೆ ಯಾವಾಗ ಅಂದರೆ, ಗೋಡೆಯೊಳಗೆ ಪೈಪ್ ಸೋರುತ್ತಲೇ ಇದ್ದಾಗ. ಮೇಸ್ತ್ರಿ ದಿನಾ ಬಂದು ನೋಡುತ್ತಾನೆ, ಗೋಡೆ ಒದ್ದೆ ಇದೆ, ಇನ್ನೊಂದು ಪದರ ಹಾಕು ಅನ್ನುತ್ತಾನೆ. ವರ್ಷಗಟ್ಟಲೆ ಹೀಗೇ ಆದರೆ ಕೋಣೆಯೇ ಇರುವುದಿಲ್ಲ, ಬರೀ ಗೋಡೆ.

ಗೌಂಡಿ_ಮಗ

ಅಕ್ಕಾರೆ, ನಮ್ಮಪ್ಪ ಗೌಂಡಿ. ಮೇಸ್ತ್ರಿ ಹೇಳದೆ ಒಂದು ಬುಟ್ಟಿ ಸಿಮೆಂಟನ್ನೂ ಹಾಕಿದವರಲ್ಲ. ಬೈಗುಳ ಮಾತ್ರ ಯಾವಾಗಲೂ ಗೌಂಡಿಗೇ. ಇಲ್ಲೂ ಅದೇ ಆಯಿತು ನೋಡಿ 😄

ಸ್ಲೈಡ್_ನೋಡುವಾಕೆ

ನಿಮ್ಮ ಅಪ್ಪನ ಪರ ಒಂದು ಮಾತು ಇದೆ, ಹಾಗೇ ವಿರುದ್ಧ ಒಂದು ಮಾತೂ ಇದೆ. ಶುರುವಿನಲ್ಲಿ ಮೇಸ್ತ್ರಿ ಹೇಳಿದ್ದಕ್ಕೇ ಗೌಂಡಿ ಕೆಲಸ ಮಾಡುವುದು ನಿಜ. ಆದರೆ ಜಾಗ ಗಟ್ಟಿಯಾಗುತ್ತಾ ಹೋದ ಹಾಗೆ ಆ ಗಟ್ಟಿತನವೇ ಗೌಂಡಿಗೆ ಚೀಟಿ ಆಗುತ್ತದೆ. ಆಮೇಲೆ ಮೇಸ್ತ್ರಿ ಇಲ್ಲದಿದ್ದರೂ ಗೌಂಡಿ ನಿಲ್ಲಿಸುವುದಿಲ್ಲ.

ಗದಗ_ಮಾಸ್ತರ

ಈ ಹೊಟ್ಟೆಬಾಕ ಕೋಶದ ಕಥೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದ ಚಟ.

1882. ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ಊರು. ಇಲ್ಯಾ ಮೆಚ್ನಿಕೋಫ್ ಅನ್ನುವ ರಷ್ಯಾ ಕಡೆಯ ವಿಜ್ಞಾನಿ ಅಲ್ಲಿದ್ದರು. ನಕ್ಷತ್ರಮೀನಿನ ಮರಿ ಗಾಜಿನ ಹಾಗೆ ಪಾರದರ್ಶಕ. ತೋಟದ ಗುಲಾಬಿ ಮುಳ್ಳು ಕಿತ್ತು ಅದರ ಮೈಗೆ ಚುಚ್ಚಿದರು. ಮರುದಿನ ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಜಾತ್ರೆಯ ಹಾಗೆ ಮುತ್ತಿಕೊಂಡಿದ್ದವು. ರೋಗನಿರೋಧ ಅಂದರೆ ಇದೇ, ನುಂಗಿ ಹಾಕುವ ಕೋಶಗಳ ಕೆಲಸ ಅಂತ ವಾದಿಸಿದರು. ತುಂಬಾ ಜನ ನಕ್ಕರು. 1908 ರಲ್ಲಿ ಪಾಲ್ ಎರ್ಲಿಕ್ ಜೊತೆ ನೊಬೆಲ್ ಬಂತು.

ನಾನು ಹುಡುಗರಿಗೆ ಕೇಳುತ್ತಿದ್ದೆ: ಮುಳ್ಳು ಅಲ್ಲೇ ಉಳಿದರೆ ಏನಾಗುತ್ತದೆ? ಜಾಲಿಮುಳ್ಳು ಕಾಲಲ್ಲಿ ಮುರಿದು ಉಳಿದವರಿಗೆ ಉತ್ತರ ಗೊತ್ತಿತ್ತು. ಗಂಟಾಗುತ್ತದೆ ಸರ್ ಅನ್ನುತ್ತಿದ್ದರು. ಆ ಗಂಟೇ ಈ ಚರ್ಚೆಯ ಅರ್ಧ ಉತ್ತರ.

ಬ್ಯಾಡಗಿ_ಘಾಟು

ಮಾಸ್ತರೆ, ನಮಸ್ಕಾರ. ನಾನು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸೀಸನ್ನಿನಲ್ಲಿ ಇಡೀ ಮಾರ್ಕೆಟ್ಟೇ ಕೆಮ್ಮುತ್ತದೆ. ಹೊಸಬರು ಸೀನಿ ಸೀನಿ ಓಡಿಹೋಗುತ್ತಾರೆ. ಹಾಗಾದರೆ ನಮ್ಮೆಲ್ಲರ ಶ್ವಾಸಕೋಶವೂ ಗೋಣಿಚೀಲವೇನು?

ಸ್ಲೈಡ್_ನೋಡುವಾಕೆ

ಘಾಟಿಗೆ ಬರುವುದು ನರದ ಕೆಮ್ಮು. ಮೆಣಸಿನಕಾಯಿಯ ಖಾರದ ಅಂಶ ಗಂಟಲಿನ ನರಗಳನ್ನು ಕೆಣಕುತ್ತದೆ, ಆಚೆ ಹೋದರೆ ಕಡಿಮೆಯಾಗುತ್ತದೆ. ಅದೇ ಇದಲ್ಲ. ಆದರೆ ಒದ್ದೆ ಮೂಟೆಯಲ್ಲಿ ಬೂಸು ಹಿಡಿದ ಮಾಲು ಕೊಡವುವ ಕೆಲಸ ಇದ್ದರೆ ಅದು ಬೇರೆ ಮಾತು. ಬೂಸಿನ ಧೂಳಿಗೆ ರಕ್ಷಣಾ ಕೋಶಗಳು ಸಿಟ್ಟಾಗುತ್ತವೆ. ಬೂಸು ಹಿಡಿದ ಹುಲ್ಲು ಕೊಡವುವ ರೈತರಿಗೆ ಬರುವ ಕಾಯಿಲೆಗೆ ‘ರೈತರ ಶ್ವಾಸಕೋಶ’ ಅಂತಲೇ ಹೆಸರು. ಮೂಗಿಗೆ ಬಟ್ಟೆ ಕಟ್ಟುವುದಕ್ಕಿಂತ ಒಳ್ಳೇ ಮಾಸ್ಕ್ ಹಾಕಿಕೊಳ್ಳಿ.

ಅಂದ ಹಾಗೆ ಉಣಕಲ್ ಅವರೆ, ನಿಮ್ಮ ಪೋಸ್ಟಿನ ಕೊನೆಯಲ್ಲಿ ಒಂದು ಸಾಲು ಸುಮ್ನೆ ಬಂದು ಹೋಗಿದೆ. ಪಾರಿವಾಳ. ಎಷ್ಟಿವೆ? ಎಷ್ಟು ವರ್ಷದಿಂದ?

ಉಣಕಲ್_ದಂಡೆ

ನಲವತ್ತರ ಆಸುಪಾಸು. ಎಲ್ಲಾ ಗಿರೇಬಾಜ್, ಅಂದರೆ ಎತ್ತರಕ್ಕೆ ಹಾರಿಸುವ ಜಾತಿ. ನಾನು ಚಡ್ಡಿ ಹಾಕುವ ಕಾಲದಿಂದ ನೋಡುತ್ತಿದ್ದೇನೆ, ಅಂದರೆ ಮೂವತ್ತು ವರ್ಷಕ್ಕೆ ಕಡಿಮೆ ಇಲ್ಲ. ಮಾಳಿಗೆ ಮೇಲೆ ಹಳೇ ಬಾಗಿಲು, ತಗಡು, ಜಾಳಿಗೆ ಸೇರಿಸಿ ಕಾಕಾ ತಾವೇ ಗೂಡು ಕಟ್ಟಿದ್ದಾರೆ. ದಿನಾ ಬೆಳಿಗ್ಗೆ ಒಳಗೆ ಬಗ್ಗಿ ಕುಳಿತು ಕೆರೆದು ಗುಡಿಸುತ್ತಾರೆ. ಹೊರಗೆ ಬಂದಾಗ ಅವರ ಕರೀ ಟೊಪ್ಪಿಗೆ ಮೇಲೆ ಬಿಳೀ ಹಿಟ್ಟು ಸುರಿದ ಹಾಗೆ ಇರುತ್ತದೆ. ನಾವು ಗಿರಣಿಗೆ ಹೋಗಿ ಬಂದಿರಾ ಕಾಕಾ ಅಂತ ಚೇಷ್ಟೆ ಮಾಡುತ್ತಿದ್ದೆವು.

ಡಾಕ್ಟರ್ ಕೂಡ ಹಕ್ಕಿ ಸಾಕಿದ್ದೀರಾ ಅಂತ ಕೇಳಿದ್ದರು. ಕಾಕಾ "ಇಲ್ಲ" ಅಂದುಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಈಗ ಹೊಟ್ಟೆ ಚುರ್ ಅಂತಿದೆ.

ರೊಟ್ಟಿ_ಬುತ್ತಿ

ಅಯ್ಯೋ, ಡಾಕ್ಟರ್ ಹತ್ರ ಸುಳ್ಳು ಹೇಳುವ ಗಂಡಸರ ಸಂಘ ಮಾಡಿದರೆ ನಮ್ಮ ಮನೆಯವರೇ ಅಧ್ಯಕ್ಷರು.

ಸ್ಲೈಡ್_ನೋಡುವಾಕೆ

ನಾಳೆಯೇ ಹೋಗಿ ಡಾಕ್ಟರಿಗೆ ನಿಜ ಹೇಳಿ. ಕಾಯಿಲೆ ಇದೇ ಅಂತ ನಾನು ಇಲ್ಲಿ ಕೂತು ಹೇಳಲು ಬರುವುದಿಲ್ಲ. ಆದರೆ ಇದು ಗೊತ್ತಿಲ್ಲದೆ ಡಾಕ್ಟರಿಗೂ ಹೇಳಲು ಬರುವುದಿಲ್ಲ.

ಆ ಬಿಳೀ ಹಿಟ್ಟು ಇದೆಯಲ್ಲ, ಅದು ಪಾರಿವಾಳದ ರೆಕ್ಕೆಯಿಂದ ಉದುರುವ ಪುಡಿ. ಅದರಲ್ಲೂ ಒಣಗಿದ ಹಿಕ್ಕೆಯಲ್ಲೂ ಹಕ್ಕಿಯ ಪ್ರೋಟೀನು ಇರುತ್ತದೆ. ಕೆಲವರ ದೇಹ ಅದನ್ನು ಶತ್ರು ಅಂತ ಬರೆದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯ ತಯಾರಾಗುತ್ತದೆ. ಟಿ ಕೋಶಗಳು, ಅಂದರೆ ಲಿಂಫೋಸೈಟ್ ಜಾತಿಯವು, ಹಿಂಡು ಹಿಂಡಾಗಿ ಶ್ವಾಸಕೋಶಕ್ಕೆ ಬರುತ್ತವೆ. ಅವು ಮ್ಯಾಕ್ರೊಫೇಜುಗಳನ್ನು ಕೆರಳಿಸುತ್ತವೆ. ಸ್ಲೈಡಿನಲ್ಲಿ ಸಣ್ಣ ಗಾಳಿನಾಳದ ಸುತ್ತ ಅವು ಸಡಿಲವಾಗಿ ಗುಂಪುಗೂಡಿ ಕೂತದ್ದು ಕಾಣುತ್ತದೆ. ಮಾಸ್ತರು ಹೇಳಿದ ಜಾಲಿಮುಳ್ಳಿನ ಗಂಟಿನ ಸಣ್ಣ ರೂಪ. ದಿನಾ ಬೆಳಿಗ್ಗೆ ಹೊಸ ಮುಳ್ಳು ಚುಚ್ಚಿದರೆ ಆ ಗಂಟು ಮಾಯುವುದು ಯಾವಾಗ? ಕೊನೆಗೆ ಅದರ ಜಾಗದಲ್ಲಿ ನಾರು. ಇದಕ್ಕೆ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಅನ್ನುತ್ತಾರೆ.

ಅಪರೂಪ ಅಂದುಕೊಳ್ಳಬೇಡಿ. 2017 ರಲ್ಲಿ ಪ್ರಕಟವಾದ ಭಾರತದ ಒಂದು ದೊಡ್ಡ ನೋಂದಣಿಯಲ್ಲಿ 19 ಊರುಗಳ 27 ಆಸ್ಪತ್ರೆಗಳ 1,084 ರೋಗಿಗಳು ಇದ್ದರು, ಎಲ್ಲರಿಗೂ ಇಂಥ ಶ್ವಾಸಕೋಶದ ಕಾಯಿಲೆಗಳೇ. ಅವರಲ್ಲಿ ಸುಮಾರು 47% ಜನರದ್ದು ಇದೇ ಜಾತಿ. ಏರ್ ಕೂಲರ್ ಬಳಸುವವರು ತುಂಬಾ ಇದ್ದರು. ಬೇಸಿಗೆ ಮುಗಿದ ಮೇಲೆ ಒದ್ದೆ ಹುಲ್ಲಿನ ಪ್ಯಾಡ್ ಹಾಗೇ ಬಿಟ್ಟು, ಮುಂದಿನ ಮಾರ್ಚಿನಲ್ಲಿ ಸ್ವಿಚ್ ಒತ್ತುತ್ತೀವಲ್ಲ, ಆ ಕೂಲರ್.

ಸವಣೂರ_ಎಲೆ

ಹಳೇ ಹುಬ್ಬಳ್ಳಿಯಲ್ಲಿ ಪಾರಿವಾಳ ಸಾಕಿದವರೆಲ್ಲ ಸತ್ತುಹೋದರಾ ಹಾಗಾದರೆ? ನಮ್ಮ ಮುತ್ಯಾ ತೊಂಬತ್ತರ ತನಕ ಪಾರಿವಾಳ ಹಾರಿಸಿದವರು. ಬೀಡಿ ಬೇರೆ ಸೇದುತ್ತಿದ್ದರು. ಇದೆಲ್ಲ ಓದಿದವರ ಹೆದರಿಕೆ.

ಸ್ಲೈಡ್_ನೋಡುವಾಕೆ

ಸಾಕಿದವರೆಲ್ಲರಿಗೂ ಬರುವುದಿಲ್ಲ, ಕೆಲವರಿಗೆ ಮಾತ್ರ. ಅವರವರ ಹುಟ್ಟುಗುಣವೂ ಸೇರುತ್ತದೆ. ಇನ್ನು ಬೀಡಿ ಮಾತು ತೆಗೆದಿರಿ, ಹೇಳಿಯೇಬಿಡುತ್ತೇನೆ. ಸೇದುವವರಲ್ಲಿ ಈ ಒಂದು ಕಾಯಿಲೆ ಕಡಿಮೆ ಕಾಣುತ್ತದೆ, ಅದು ನಿಜ. ಹೊಗೆಗೆ ಅಲ್ಲಿನ ರಕ್ಷಣಾ ಕೋಶಗಳು ಮಂಕಾಗಿರುತ್ತವೆ. ಆದರೆ ಬಂದವರಲ್ಲಿ ಸೇದುವವರ ಗತಿ ಜಾಸ್ತಿ ಕೆಟ್ಟದ್ದು. ಮುತ್ಯಾನ ಅದೃಷ್ಟವನ್ನು ಔಷಧಿ ಮಾಡಬೇಡಿ.

ಸವಣೂರ_ಎಲೆ

ಬೀಡಿ ಒಳ್ಳೇದು ಅಂತ ನೀವೇ ಹೇಳಿದಿರಿ. ಸ್ಕ್ರೀನ್‌ಶಾಟ್ ತೆಗೆದಿದ್ದೇನೆ.

ಸ್ಲೈಡ್_ನೋಡುವಾಕೆ

ಎರಡನೇ ವಾಕ್ಯವನ್ನೂ ಸೇರಿಸಿ ತೆಗೆಯಿರಿ ಅಣ್ಣಾರೆ.

ಕಾಲೇಜ್_ರೋಡ್

ಇಷ್ಟೆಲ್ಲಾ ಯಾಕೆ ಸುತ್ತಾಡಿಸುತ್ತೀರಿ? ರಕ್ಷಣಾ ಕೋಶ ಗಲಾಟೆ ಮಾಡುತ್ತಿದೆ, ಸ್ಟೆರಾಯ್ಡ್ ಕೊಟ್ಟು ಕೂರಿಸಿ. ಕಾಕಾನ ಮಗ ಹೇಳಿದ್ದೇ ಸರಿ.

ಔಷಧಿ_ಅಂಗಡಿ_ಹಾವೇರಿ

ಇದೇ ಯೋಚನೆ ದೊಡ್ಡ ದೊಡ್ಡ ಡಾಕ್ಟರಿಗೂ ಇತ್ತು. ಕಾರಣ ಗೊತ್ತಿಲ್ಲದೆ ಶ್ವಾಸಕೋಶ ನಾರುಗಟ್ಟುವ ಕಾಯಿಲೆ ಒಂದಿದೆ, ಐಪಿಎಫ್ ಅಂತ. ಅದಕ್ಕೆ ಬಹಳ ವರ್ಷ ಮೂರು ಔಷಧಿ ಕೂಡಿಸಿ ಕೊಡುತ್ತಿದ್ದರು: ಸ್ಟೆರಾಯ್ಡ್, ಅಜಾಥಿಯೋಪ್ರಿನ್, ಅಸಿಟೈಲ್‌ಸಿಸ್ಟೀನ್. ಮೊದಲ ಎರಡು ಇಮ್ಯುನಿಟಿ ಇಳಿಸುವಂಥವು. ಅಮೆರಿಕದಲ್ಲಿ ಪ್ಯಾಂಥರ್ ಅನ್ನುವ ಪರೀಕ್ಷೆ ಮಾಡಿ, ಕೆಲವರಿಗೆ ಈ ಮೂರು, ಕೆಲವರಿಗೆ ಅಸಿಟೈಲ್‌ಸಿಸ್ಟೀನ್ ಒಂದೇ, ಉಳಿದವರಿಗೆ ಉತ್ತುತ್ತಿ ಮಾತ್ರೆ ಕೊಟ್ಟರು. ಮೂರೂ ಔಷಧಿ ತಗೊಂಡವರಲ್ಲಿ ಸಾವು ಜಾಸ್ತಿ, ಆಸ್ಪತ್ರೆಗೆ ಸೇರಿದ್ದೂ ಜಾಸ್ತಿ. 2011 ರಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ವರದಿ 2012 ರಲ್ಲಿ ಬಂತು.

ಪಾರಿವಾಳದ ಕಾಯಿಲೆಯಲ್ಲಿ ಮಾತ್ರ, ಇನ್ನೂ ಊತದ ಹಂತದಲ್ಲಿದ್ದರೆ, ಸ್ಟೆರಾಯ್ಡ್ ಕೆಲಸ ಮಾಡುತ್ತದೆ. ನಾರು ಪೂರ್ತಿ ಕಟ್ಟಿದ ಮೇಲೆ ಅದರ ಕೈ ಹೆಚ್ಚು ನಡೆಯುವುದಿಲ್ಲ. ಸ್ಕ್ಯಾನಿನಲ್ಲಿ ಎರಡೂ ಕಾಯಿಲೆ ಅಣ್ಣ ತಮ್ಮಂದಿರ ಹಾಗೆ ಕಾಣಬಹುದು. ಒಬ್ಬನಿಗೆ ಕೊಡುವ ಔಷಧಿ ಇನ್ನೊಬ್ಬನನ್ನು ಮುಗಿಸಬಹುದು. ಅದಕ್ಕೇ ಡಾಕ್ಟರ್ ಇನ್ನೂ ಟೆಸ್ಟ್ ಬಾಕಿ ಇದೆ ಅಂದದ್ದು. ಅವಸರ ಬೇಡ.

ಉತ್ತುತ್ತಿ_ಅಲ್ಲ_ದ್ರಾಕ್ಷಿ

ಉತ್ತುತ್ತಿ ಮಾತ್ರೆ ಅಂದರೆ? 😂

ಔಷಧಿ_ಅಂಗಡಿ_ಹಾವೇರಿ

ಹುಸಿ ಮಾತ್ರೆ. ನಮ್ಮ ಅಂಗಡಿಯಲ್ಲಿ ಹಾಗೇ ಅನ್ನುತ್ತೇವೆ. ನಿಮ್ಮ ಹೆಸರು ನೋಡಿ ಅನುಮಾನ ಬಂತು, ನನಗೋಸ್ಕರ ಹೊಸ ಖಾತೆ ತೆಗೆದಿದ್ದೀರಾ?

ಕುಸುಬಿ_ಎಣ್ಣೆ

ಎಲ್ಲರೂ ಇಂಗ್ಲಿಷ್ ಔಷಧಿ ಮಾತೇ ಆಡುತ್ತಿದ್ದೀರಿ. ಅಮೃತಬಳ್ಳಿಯಲ್ಲಿ ಏನು ತಪ್ಪಿದೆ? ಕೊರೊನಾ ಕಾಲದಲ್ಲಿ ಊರಿಗೆ ಊರೇ ಕುಡಿಯಿತು.

ಸ್ಲೈಡ್_ನೋಡುವಾಕೆ

ಊರಿಗೆ ಊರೇ ಕುಡಿದದ್ದಕ್ಕೇ ಗೊತ್ತಾಗಿದ್ದು. 2021 ರಲ್ಲಿ ಮುಂಬೈ ವೈದ್ಯರು ಕೆಲವರಿಗೆ ಅಮೃತಬಳ್ಳಿ ಕುಡಿದ ಮೇಲೆ ಕಾಮಣಿ ಆಗಿದೆ, ಲಿವರ್ ಕೆಟ್ಟಿದೆ ಅಂತ ಬರೆದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅದು ಅಮೃತಬಳ್ಳಿ ಅಲ್ಲದೆ ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಅಂದಿತು. 2022 ರಲ್ಲಿ ಬೇರೆ ಬೇರೆ ಊರಿನ ಆಸ್ಪತ್ರೆಗಳು ಸೇರಿ ಇಂಥ 43 ರೋಗಿಗಳ ವರದಿ ಹೊರತಂದವು. ಬಹಳ ಜನರಲ್ಲಿ ಕಂಡದ್ದು ರಕ್ಷಣಾ ಕೋಶಗಳೇ ಲಿವರಿನ ಮೇಲೆ ಬಿದ್ದ ಗುರುತು. ಅಂದರೆ ನಾವು ಮಾತಾಡುತ್ತಿರುವ ಗಲಾಟೆಯೇ.

ಕುಡಿದವರಿಗೆಲ್ಲ ಹೀಗಾಗುತ್ತದೆ ಅಂತ ಅಲ್ಲ. ಆದರೆ ಮೊದಲೇ ರಕ್ಷಣಾ ಕೋಶ ದಾರಿ ತಪ್ಪಿರುವ ಮನುಷ್ಯನಿಗೆ "ಇಮ್ಯುನಿಟಿ ಏರಲಿ" ಅಂತ ಕುಡಿಸುವುದು ಯಾವ ಲೆಕ್ಕ?

ಕುಸುಬಿ_ಎಣ್ಣೆ

ನಮ್ಮ ಅಜ್ಜಿ ಕಾಮಣಿಗೆ ಕೈಮೇಲೆ ಬರೆ ಹಾಕಿಸಿ ಗುಣ ಆಗಿದ್ದರು. ಅದಕ್ಕೇನಂತೀರಿ?

ಗದಗ_ಮಾಸ್ತರ

ಕಾಮಣಿ ಬಹಳ ಸಲ ತಾನಾಗೇ ಹೋಗುತ್ತದೆ ತಾಯಿ. ಬರೆಯ ಗುರುತು ಮಾತ್ರ ಸಾಯುವ ತನಕ ಇರುತ್ತದೆ. ನನ್ನ ಎಡಗೈ ಮೇಲೆ ಇದೆ, ಐದು ವರ್ಷದವನಿದ್ದಾಗಿನದು. ಕಲೆಯ ಚರ್ಚೆಗೆ ನಾನೇ ಸ್ಯಾಂಪಲ್.

ಶಿರಹಟ್ಟಿ_ಕಡೆಯವ

ಎರಡು ದಿನದಿಂದ ಓದುತ್ತಿದ್ದೆ, ಬರೆಯಬೇಕೋ ಬೇಡವೋ ಅಂತ.

ನಮ್ಮಪ್ಪ ಹದಿನೆಂಟು ವರ್ಷ ಕಲ್ಲಿನ ಕ್ರಷರಿನಲ್ಲಿ ಕೆಲಸ ಮಾಡಿದರು. ರಜೆಯಲ್ಲಿ ನಾನು ಬುತ್ತಿ ಕೊಟ್ಟು ಬರುತ್ತಿದ್ದೆ. ಬಟ್ಟೆ ಬಿಚ್ಚುವಷ್ಟರಲ್ಲಿ ರೊಟ್ಟಿಯ ಮೇಲೆ ಬೂದಿ ಬಣ್ಣದ ಪುಡಿ ಕೂರುತ್ತಿತ್ತು. ಅಪ್ಪ ಉಫ್ ಅಂತ ಊದಿ ತಿನ್ನುತ್ತಿದ್ದರು. ರೆಪ್ಪೆ ಕೂದಲೆಲ್ಲ ಬೆಳ್ಳಗೆ. ನಲವತ್ತೈದಕ್ಕೆ ದಮ್ಮು ಶುರು. ಕಫದಲ್ಲಿ ಏನೂ ಸಿಗದಿದ್ದರೂ ಎರಡು ಸಲ ಟಿಬಿ ಗುಳಿಗೆ ಕೊಟ್ಟರು. ಏನು ಕೆಲಸ ಮಾಡುತ್ತೀಯಪ್ಪಾ ಅಂತ ಯಾರೂ ಕೇಳಲಿಲ್ಲ. ಮೂರನೇ ಡಾಕ್ಟರ್ ಎಕ್ಸ್‌ರೇ ಹಿಡಿದು ಮೊದಲು ಕೇಳಿದ್ದೇ ಅದು. ಸಿಲಿಕೋಸಿಸ್ ಅಂದರು. ಆಗ ತಡವಾಗಿತ್ತು.

ಅಪ್ಪನಿಗೆ ಹಕ್ಕಿಯ ಪ್ರೋಟೀನೂ ಇಲ್ಲ, ಬೂಸೂ ಇಲ್ಲ. ಬರೀ ಕಲ್ಲು. ಕಲ್ಲಿನ ಮೇಲೆ ರಕ್ಷಣಾ ಕೋಶಕ್ಕೆ ಏನು ಸಿಟ್ಟು? ಅಕ್ಕಾರೆ, ಇದನ್ನು ಹೇಳಿ.

ಸ್ಲೈಡ್_ನೋಡುವಾಕೆ

ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ.

ಕಲ್ಲಿನ ಪುಡಿಯಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚೂಪು ಹರಳು. ಮ್ಯಾಕ್ರೊಫೇಜ್ ಅದನ್ನೂ ನುಂಗುತ್ತದೆ, ಅದರ ಸ್ವಭಾವವೇ ಅದು. ಅದರೊಳಗೆ ಆಮ್ಲ ತುಂಬಿದ ಸಣ್ಣ ಚೀಲಗಳು ಇರುತ್ತವೆ, ನುಂಗಿದ್ದನ್ನು ಅರಗಿಸಲು. ಕಲ್ಲು ಅರಗುವುದಿಲ್ಲ. ಹರಳು ಚೀಲವನ್ನೇ ಹರಿಯುತ್ತದೆ. ಆಗ ಕೋಶದೊಳಗೆ ಅಪಾಯದ ಗಂಟೆ ಹೊಡೆದು ಊತ ತರಿಸುವ ರಾಸಾಯನಿಕಗಳು ಹೊರಬೀಳುತ್ತವೆ, ಐಎಲ್ 1 ಬೀಟಾ ಅದರಲ್ಲಿ ಮುಖ್ಯ. ಈ ಗಂಟೆಯ ಕೆಲಸ ಬೆಳಕಿಗೆ ಬಂದಿದ್ದು 2008 ರ ಸುಮಾರಿಗೆ. ಕೋಶ ಸಾಯುತ್ತದೆ, ಹರಳು ಹೊರಗೆ ಬೀಳುತ್ತದೆ, ಹೊಸದಾಗಿಯೇ ಇರುತ್ತದೆ. ಇನ್ನೊಂದು ಮ್ಯಾಕ್ರೊಫೇಜ್ ಬಂದು ಅದನ್ನೇ ನುಂಗುತ್ತದೆ. ಅದೂ ಸಾಯುತ್ತದೆ. ಕ್ರಷರ್ ಬಿಟ್ಟು ಹತ್ತು ವರ್ಷ ಆದ ಮೇಲೂ ಕಾಯಿಲೆ ಬೆಳೆಯುವುದು ಇದಕ್ಕೇ. ಪೈಪ್ ಸೋರುವುದು ನಿಲ್ಲುವುದೇ ಇಲ್ಲ.

ಇನ್ನೊಂದು. ಮೇಸ್ತ್ರಿಗಳು ಹೀಗೆ ಸಾಯುತ್ತಿದ್ದರೆ ಟಿಬಿ ಕ್ರಿಮಿಯನ್ನು ಹಿಡಿಯುವವರು ಯಾರು? ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ನಿಜಕ್ಕೂ ಜಾಸ್ತಿ. ಎರಡೂ ಒಟ್ಟಿಗೆ ಇರಬಹುದು. ಆದರೂ ಕೆಲಸ ಏನು ಅಂತ ಕೇಳದೇ ಇದ್ದದ್ದು ತಪ್ಪೇ.

ಗೌಂಡಿ_ಮಗ

ಟೈಲ್ಸ್ ಕತ್ತರಿಸುವಾಗಲೂ ಇದೇ ಪುಡಿ ಬರುತ್ತದಲ್ವಾ? ನಮ್ಮಲ್ಲಿ ಯಾರೂ ನೀರು ಹಾಕಿ ಕತ್ತರಿಸುವುದಿಲ್ಲ.

ಶಿರಹಟ್ಟಿ_ಕಡೆಯವ

ಹೌದು. ನೀರು ಹಾಕಿ. ಅಪ್ಪನಿಗೂ ಹೇಳಿ.

ಚಿಗರಿ_ಪ್ರಯಾಣಿಕ

ಧಾರವಾಡವನ್ನು ಸುಮ್ನೆ ಧೂಳವಾಡ ಅನ್ನುವುದಿಲ್ಲ. ಬಸ್ ಕಾರಿಡಾರ್ ಕೆಲಸ ನಡೆಯುವಾಗ ನವಲೂರಿನಿಂದ ಬರುವಷ್ಟರಲ್ಲಿ ಪೇಢಾ ಡಬ್ಬಿ ಮೇಲೆ ಹೆಸರು ಬರೆಯಬಹುದಿತ್ತು.

ಪೇಢಾ_ಪ್ರಿಯ

ಪೇಢಾಕ್ಕೆ ಬಂದರೆ ನಾನು ಬರುತ್ತೇನೆ.

ನಿರ್ವಾಹಕ

ಪೇಢಾಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ಹೋಗಿ. ಮಾತ್ರೆ ಹೆಸರು, ಡೋಸ್ ಬರೆದು "ಇದನ್ನೇ ತಗೊಳ್ಳಿ" ಅಂದ ಎರಡು ಪೋಸ್ಟ್ ತೆಗೆದಿದ್ದೇನೆ.

ಕಾಲೇಜ್_ರೋಡ್

ತೆಗೆದದ್ದು ನನ್ನವೇ. ಇರಲಿ. ನನಗೊಂದು ಉತ್ತರ ಬೇಕು. ಇಡೀ ಇಮ್ಯುನಿಟಿ ಇಳಿಸುವುದು ಬೇಡ, ಒಪ್ಪಿದೆ. ಆದರೆ ತಪ್ಪೆಲ್ಲ ಮೇಸ್ತ್ರಿಯದು ಅಂದಮೇಲೆ ಮ್ಯಾಕ್ರೊಫೇಜ್ ಒಂದನ್ನೇ ತೆಗೆದರೆ ಮುಗಿಯಿತಲ್ಲ?

ಸ್ಲೈಡ್_ನೋಡುವಾಕೆ

ಒಳ್ಳೇ ಪ್ರಶ್ನೆ. ಇದನ್ನು ಇಲಿಗಳಲ್ಲಿ ಮಾಡಿ ನೋಡಿದ್ದಾರೆ, 2005 ರ ಪ್ರಯೋಗ. ಲಿವರಿಗೆ ವಿಷ ಹಾಕಿ ನಾರು ಕಟ್ಟಿಸಿದರು. ವಿಷ ಹಾಕುತ್ತಿರುವಾಗಲೇ ಮ್ಯಾಕ್ರೊಫೇಜುಗಳನ್ನು ತೆಗೆದರೆ ನಾರು ಕಡಿಮೆಯಾಯಿತು. ಕಾಲೇಜ್ ರೋಡಿನವರು ಗೆದ್ದರು. ಆದರೆ ವಿಷ ನಿಲ್ಲಿಸಿ, ಲಿವರ್ ಚೇತರಿಸಿಕೊಳ್ಳುವ ಹೊತ್ತಿನಲ್ಲಿ ಅವನ್ನು ತೆಗೆದರೆ? ಕಟ್ಟಿದ್ದ ನಾರು ಹಾಗೇ ಉಳಿಯಿತು, ಕರಗಲಿಲ್ಲ.

ಯಾಕಂದರೆ ನಾರನ್ನು ಕತ್ತರಿಸುವ ಕಿಣ್ವಗಳನ್ನು ತರುವುದೂ ಮ್ಯಾಕ್ರೊಫೇಜುಗಳೇ. ಕಟ್ಟಿಸಿದ ಮೇಸ್ತ್ರಿಯೇ ಕೆಡವಿಸುವವನು. ಯಾವ ದಿನ ಯಾವ ಕೆಲಸ ಅನ್ನುವುದು ಪೈಪ್ ಸೋರುತ್ತಿದೆಯೋ ನಿಂತಿದೆಯೋ ಅನ್ನುವುದರ ಮೇಲೆ. ಉಣಕಲ್ ಅವರ ಮೊದಲ ಪ್ರಶ್ನೆಗೆ ನನ್ನ ಉತ್ತರವೂ ಇದೇ. ಏರಿಸುವುದೂ ಅಲ್ಲ, ಇಳಿಸುವುದೂ ಅಲ್ಲ. ಮೊದಲು ಪೈಪ್ ಹುಡುಕಿ.

ಸೊಪ್ಪಿನ_ಪಲ್ಯ

ಇದು ನಮ್ಮ ಸೋದರಮಾವನ ಕಥೆ. ಹದಿನೈದು ವರ್ಷ ಕುಡಿದರು. ಲಿವರ್ ಸ್ಕ್ಯಾನಿನಲ್ಲಿ ಗಟ್ಟಿತನದ ನಂಬರ್ 14 ಬಂತು. ಹೆದರಿ ಒಂದೇ ದಿನಕ್ಕೆ ಬಿಟ್ಟರು. ಎರಡು ವರ್ಷ ಆದ ಮೇಲೆ 8. ಈಗ ಕುಡಿಯುವವರಿಗೆ ಬುದ್ಧಿ ಹೇಳಿ ಹೇಳಿ ಬೇರೆ ತರದಲ್ಲಿ ತಲೆ ತಿನ್ನುತ್ತಾರೆ.

ಔಷಧಿ_ಅಂಗಡಿ_ಹಾವೇರಿ

ಬಹಳ ಸಂತೋಷ. ಆದರೆ 14 ರಿಂದ 8 ಆದದ್ದು ಬರೀ ನಾರು ಕರಗಿದ್ದರಿಂದ ಅಲ್ಲ. ಕುಡಿತ ಬಿಟ್ಟರೆ ಊತ ಇಳಿಯುತ್ತದೆ, ಊತ ಇಳಿದರೂ ಆ ನಂಬರ್ ಇಳಿಯುತ್ತದೆ. ಊಟ ಮಾಡಿ ಹೋದರೂ ಜಾಸ್ತಿ ತೋರಿಸುತ್ತದೆ, ಮೂರು ತಾಸು ಖಾಲಿ ಹೊಟ್ಟೆ ಇರಬೇಕು. ಆದರೂ ಲಿವರ್ ಅಂಗಗಳಲ್ಲೇ ಉದಾರಿ. ಕಾರಣ ತೆಗೆದರೆ ನಾರು ನಿಜಕ್ಕೂ ಕರಗುತ್ತದೆ. ಶ್ವಾಸಕೋಶ ಅಷ್ಟು ಉದಾರಿ ಅಲ್ಲ.

ರೊಟ್ಟಿ_ಬುತ್ತಿ

ಹೃದಯದ್ದೂ ಹೇಳಿಬಿಡುತ್ತೇನೆ. ನಮ್ಮ ಅವ್ವನಿಗೆ ಸಣ್ಣವಳಿದ್ದಾಗ ಗಂಟಲುನೋವು, ಆಮೇಲೆ ಕೀಲು ಊತ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 34 ಕ್ಕೆ ದಮ್ಮು. ಹೃದಯದ ಕವಾಟ ಅಂಟಿಕೊಂಡು ಮೀನಿನ ಬಾಯಿಯ ಹಾಗೆ ಸಣ್ಣದಾಗಿದೆ ಅಂದರು. ಬಲೂನ್ ಹಾಕಿ ಬಿಡಿಸಿದರು. ಗಂಟಲಿನ ಸ್ಟ್ರೆಪ್ಟೋಕಾಕಸ್ ಕ್ರಿಮಿಯ ಪ್ರೋಟೀನೂ ಹೃದಯದ ಪ್ರೋಟೀನೂ ಒಂದೇ ತರ ಕಾಣುತ್ತವಂತೆ. ಕ್ರಿಮಿಯನ್ನು ಹುಡುಕಿ ಹೊರಟ ಕೋಶಗಳು ಕವಾಟಕ್ಕೆ ಹೊಡೆದವು. ಅವ್ವನಿಗೆ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಇತ್ತು. ಕ್ಯಾಲೆಂಡರಿನಲ್ಲಿ ಏಕಾದಶಿ ಪಕ್ಕದಲ್ಲೇ ಅದನ್ನೂ ಗುರುತು ಮಾಡುತ್ತಿದ್ದಳು.

ಗದಗ_ಮಾಸ್ತರ

ಹೃದಯದ ಮಾತು ಬಂತು. ಎಲ್ಲಾ ಕಲೆಯೂ ಕೆಟ್ಟದ್ದಲ್ಲ. ಹಾರ್ಟ್ ಅಟ್ಯಾಕ್ ಆದ ಮೇಲೆ ಸತ್ತ ಸ್ನಾಯುವಿನ ಜಾಗದಲ್ಲಿ ಕಲೆ ಕೂಡದಿದ್ದರೆ ಗೋಡೆಯೇ ಒಡೆಯುತ್ತದೆ. ನನ್ನ ಎದೆಯಲ್ಲಿ ಅಂಥದ್ದೊಂದು ಇದೆ. ಏಳು ವರ್ಷದಿಂದ ಅದರ ಮೇಲೇ ನಡೆಯುತ್ತಿದ್ದೇನೆ.

ಗದಗ_ಗಿರಣಿ

ಕೊಡೆ ಹಿಡಿದು ವಾಕಿಂಗ್ ಹೋಗುವವರನ್ನು ನೋಡಿದ್ದೀರಾ? ನಮ್ಮ ಓಣಿಯಲ್ಲಿ ಒಬ್ಬರು ಇದ್ದಾರೆ. ಐಪಿಎಫ್, ಪಿರ್ಫೆನಿಡೋನ್ ಮಾತ್ರೆ. ಬಿಸಿಲಿಗೆ ಹೋದರೆ ಚರ್ಮ ಕೆಂಪಾಗುತ್ತದೆ. ಹುಡುಗರು ಕೊಡೆ ಅಜ್ಜ ಅಂತಾರೆ. ಮಾತ್ರೆಯಿಂದ ಕಲೆ ಹೋಗಿದೆಯಾ ಅಂತ ಕೇಳಿದೆ. ಹೋಗುವುದಿಲ್ಲ ಮಗಾ, ಬೆಳೆಯುವುದು ನಿಧಾನ ಆಗುತ್ತದೆ ಅಂದರು.

ಔಷಧಿ_ಅಂಗಡಿ_ಹಾವೇರಿ

ಸರಿಯಾಗಿ ಹೇಳಿದ್ದಾರೆ. ಅದೂ ನಿಂಟೆಡಾನಿಬ್ ಅನ್ನುವುದೂ 2014 ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಎರಡನೆಯದರಲ್ಲಿ ಹೊಟ್ಟೆ ಕೆಡುವುದು ಜಾಸ್ತಿ. 2020 ರಿಂದ ಅದನ್ನು ಬೆಳೆಯುತ್ತಾ ಹೋಗುವ ಬೇರೆ ಶ್ವಾಸಕೋಶದ ನಾರಿಗೂ ಕೊಡುತ್ತಾರೆ. ಎರಡೂ ಮುಖ್ಯವಾಗಿ ಗೌಂಡಿಯ ಕೈ ಹಿಡಿಯುವ ಔಷಧಿಗಳು.

ಗೌಂಡಿ_ಮಗ

ಮತ್ತೆ ಗೌಂಡಿ!

ಉಣಕಲ್_ದಂಡೆ (ಹದಿನೆಂಟು ದಿನಗಳ ನಂತರ)

ಎಲ್ಲರಿಗೂ ಸುದ್ದಿ ಹೇಳಬೇಕು.

ಮರುದಿನವೇ ಹೋಗಿ ಡಾಕ್ಟರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ, ಪೆನ್ ಕೆಳಗಿಟ್ಟು ಕಾಕಾನನ್ನೇ ನೋಡಿದರು. ಕಾಕಾ ಹುಡುಗನ ಹಾಗೆ ಉಗುರು ನೋಡುತ್ತಾ ಕೂತರು. ರಕ್ತ ಪರೀಕ್ಷೆಯಲ್ಲಿ ಪಾರಿವಾಳದ ವಿರುದ್ಧದ ಪ್ರತಿಕಾಯ ಜಾಸ್ತಿ ಬಂತು. ಶ್ವಾಸಕೋಶಕ್ಕೆ ನೀರು ಬಿಟ್ಟು ತೆಗೆದು ನೋಡಿದಾಗ ಲಿಂಫೋಸೈಟುಗಳು ತುಂಬಾ ಇದ್ದವು. ಎಲ್ಲಾ ಸೇರಿಸಿ ಪಾರಿವಾಳದ್ದೇ ಅಂದರು. ಸ್ವಲ್ಪ ಜಾಗದಲ್ಲಿ ನಾರು ಗಟ್ಟಿಯಾಗಿದೆ, ಅದು ಹೋಗುವುದಿಲ್ಲ. ಉಳಿದ ಕಡೆ ಇನ್ನೂ ಊತ ಇದೆ, ಅಲ್ಲಿ ಚೇತರಿಕೆಯ ಆಸೆ ಇದೆ. ಸ್ಟೆರಾಯ್ಡ್ ಶುರುವಾಗಿದೆ, ಅವರ ಲೆಕ್ಕದಲ್ಲಿ, ತಮ್ಮನ ಲೆಕ್ಕದಲ್ಲಿ ಅಲ್ಲ. ಅತ್ತಿಯ ಕಷಾಯ ನಿಂತಿದೆ. ಪಾರಿವಾಳ ಹೋಗದಿದ್ದರೆ ಯಾವ ಮಾತ್ರೆಯೂ ಉಪಯೋಗ ಇಲ್ಲ ಅಂದಿದ್ದಾರೆ.

ಕಾಕಾ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ತಾವೇ ಕುಂದಗೋಳದ ಒಬ್ಬ ಗೆಳೆಯನಿಗೆ ಫೋನ್ ಮಾಡಿದರು. ಬೆಳಿಗ್ಗೆ ಬುಟ್ಟಿಗಳಲ್ಲಿ ತುಂಬಿ ಟೆಂಪೊದಲ್ಲಿ ಕಳಿಸಿದೆವು. ಕಾಕಾ ಕೆಳಗೆ ಬರಲಿಲ್ಲ, ಕಿಟಕಿಯಿಂದ ನೋಡಿದರು. ಗೂಡನ್ನು ನಾನು ಮತ್ತು ತಮ್ಮ ಮಾಸ್ಕ್ ಹಾಕಿ, ನೀರು ಹೊಡೆದು ನೆನೆಸಿ, ಬಿಚ್ಚಿದೆವು.

ಸಂಜೆ ಐದೂವರೆಗೆ ಮಾಳಿಗೆ ಮೇಲೆ ಸದ್ದು. ಹನ್ನೊಂದು ವಾಪಸ್ ಬಂದಿವೆ. ಗೂಡಿದ್ದ ಖಾಲಿ ಜಾಗದ ಸುತ್ತ ಓಡಾಡುತ್ತಿವೆ. ಕಾಕಾ ಅಂಗಳದಲ್ಲಿ ಮಾಸ್ಕ್ ಹಾಕಿಕೊಂಡು ನಿಂತು ಎಣಿಸುತ್ತಿದ್ದಾರೆ. ಮುಖ ನೋಡಬೇಕಿತ್ತು ನೀವು. ಮರುದಿನ ಮತ್ತೆ ಕಳಿಸಿದೆವು. ಮತ್ತೆ ಏಳು ಬಂದವು. ಏನು ಮಾಡುವುದು?

ಸವಣೂರ_ಎಲೆ

ಈ ಪ್ರಶ್ನೆಗೆ ನಾನು ಬೇಕು. ಬಂದವುಗಳಿಗೆ ಒಂದು ಕಾಳೂ ಹಾಕಬೇಡಿ, ನೀರೂ ಇಡಬೇಡಿ. ಹಿಡಿದು ಮತ್ತೆ ಕಳಿಸಿ. ಕುಂದಗೋಳದವರಿಗೆ ಹೇಳಿ, ಹಾರಿಸುವ ಆಸೆ ಬಿಟ್ಟು ಜಾಳಿಗೆಯೊಳಗೇ ಇಡಲಿ. ಹಳೇ ಹಕ್ಕಿ ಹುಟ್ಟಿದ ಮನೆ ಮರೆಯುವುದಿಲ್ಲ. ಅಲ್ಲೇ ಮರಿ ಮಾಡಿಸಿ, ಆ ಮರಿಗಳನ್ನು ಹಾರಿಸಬೇಕು. ಮರಿಗೆ ಕುಂದಗೋಳವೇ ಊರು.

ಸ್ಲೈಡ್_ನೋಡುವಾಕೆ

ಹಿಡಿಯುವುದು ಕಾಕಾ ಅಲ್ಲ, ನೀವು. ಮಾಳಿಗೆಯಲ್ಲಿ ಒಣ ಕಸಬರಿಗೆ ಆಡಿಸಬೇಡಿ. ಹಕ್ಕಿ ಹೋದ ಮೇಲೂ ಆ ಪುಡಿ ಮನೆಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಹಾಸಿಗೆ, ಪರದೆ, ಆ ಕರೀ ಟೊಪ್ಪಿಗೆ ಎಲ್ಲಾ ಒಗೆಯಿರಿ.

ಉಣಕಲ್_ದಂಡೆ

ಟೊಪ್ಪಿಗೆ ಒಗೆಯಲು ಕೊಡುತ್ತಿಲ್ಲ ಅಕ್ಕಾರೆ. ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ಇವತ್ತು ರಾತ್ರಿ ಮಲಗಿದ ಮೇಲೆ ತೆಗೆಯುತ್ತೇನೆ.